ದುಂಡಮ್ಮನ ಸಾಕ್ಷಿ

ತಗಡಿನ ಮನೆಯ ಮುಂದೆ ಬಿಳಿ ಕಾರು ನಿಂತಿತು. ಇಳಿದವನನ್ನು ಕಂಡು ದುಂಡಮ್ಮನ ಕೈಯಲ್ಲಿದ್ದ ರೊಟ್ಟಿ ಒಲೆಯೊಳಗೆ ಬಿತ್ತು.

ಅವನು ಸರ್ಕಾರಿ ವಕೀಲ ಅಮರನಾಥ. ಕಮಲಾಪುರದಲ್ಲಿ ರಸ್ತೆಗಾಗಿ ಮನೆ ಕಳೆದುಕೊಂಡ ನಲವತ್ತು ಕುಟುಂಬಗಳಿಗೂ ಹೊಸ ಮನೆ ಕೊಟ್ಟಾಗಿದೆ ಎಂದು ದಿಲ್ಲಿಯ ಸುಪ್ರೀಂ ಕೋರ್ಟಿನಲ್ಲಿ ಹೇಳಿದವನು.

ಅದು ಸುಳ್ಳೆಂದು ಯಾರೋ ವಿಧಾನಸಭೆಗೆ ಸಹಿ ಇಲ್ಲದ ಅರ್ಜಿ ಕಳಿಸಿದ್ದರು. ಬೇಕಾದರೆ ದುಂಡಮ್ಮನನ್ನು ಕೇಳಿ ಎಂದೂ ಬರೆದಿದ್ದರು. ಅದರ ಬಗ್ಗೆ ನಾಳೆಯೇ ಕಲಬುರಗಿಯಲ್ಲಿ ಶಾಸಕರ ಸಮಿತಿಯ ವಿಚಾರಣೆ.

"ಅರ್ಜಿ ನಾ ಬರ್ದಿಲ್ರೀ ಸಾಹೇಬ್ರ. ನನಗ ಬರಿಲಾಕೇ ಬರಂಗಿಲ್ಲ," ಎಂದಳು, ಅವನು ಕೇಳುವ ಮೊದಲೇ.

"ಗೊತ್ತದ." ಅವನು ತಗಡನ್ನೂ, ಮೂಲೆಯಲ್ಲಿ ಮಲಗಿದ್ದ ಕೂಸನ್ನೂ ಬಹಳ ಹೊತ್ತು ನೋಡಿದ. "ನಾಳಿ ತಪ್ಪಸಬ್ಯಾಡ್ರಿ ಅವ್ವ. ನನ್ನ ಬದುಕು ನಿಮ್ಮ ಬಾಯಾಗ ಅದ. ಕಾರ್ ಕಳಿಸ್ತೀನಿ."

ಅವನು ಹೋದೊಡನೆ ಸೊಸೆ ರಾಜೇಶ್ರೀ ಬಾಗಿಲು ಹಾಕಿದಳು. "ಕೂಸಿನ್ನ ಹ್ಯಾಂಗ ನೋಡ್ದ, ಕಂಡ್ರ್ಯಾ ಅತ್ತಿ? ಮನಿ ಸಿಕ್ಕದ ಅಂತ ಹೇಳಿ ಬಂದುಬಿಡ್ರಿ."

ಮರುದಿನ ಕಲಬುರಗಿಯ ಜಗತ್ ವೃತ್ತದ ಬಳಿಯ ಸಭಾಂಗಣದಲ್ಲಿ ದುಂಡಮ್ಮನಿಗೆ ಕುರ್ಚಿ ಕೊಟ್ಟರು. ತುದಿಯಲ್ಲಿ ಕುಳಿತಳು. ಎದುರಿಗೆ ಅಮರನಾಥ. ಅವನು ಅವಳ ಮೇಲಿನ ಕಣ್ಣು ಕೀಳಲಿಲ್ಲ.

"ಸರ್ಕಾರ ನಿಮಗೆ ಮನೆ ಕೊಟ್ಟಿದೆಯಾ?" ಸಮಿತಿಯ ಅಧ್ಯಕ್ಷೆ ವಿಮಲಾಬಾಯಿ ಕೇಳಿದರು.

"ಕೊಟ್ಟಾರ್ರೀ."

"ಅದರಲ್ಲೇ ಇದ್ದೀರಾ?"

"ಹೌದ್ರೀ."

ಹಿಂದೆ ಕುಳಿತಿದ್ದ ಅಧಿಕಾರಿಗಳು ನಿಟ್ಟುಸಿರುಬಿಟ್ಟರು. ಒಬ್ಬ ಅಮರನಾಥನ ಬೆನ್ನು ತಟ್ಟಿದ. ಅರ್ಜಿ ಸುಳ್ಳೆಂದು ಬರೆದುಕೊಳ್ಳಲು ವಿಮಲಾಬಾಯಿ ಪೆನ್ನು ತೆಗೆದರು. ದುಂಡಮ್ಮ ಎದ್ದಳು. ಇನ್ನು ಬಿಟ್ಟುಬಿಡುತ್ತಾರೆ.

"ಬರಕೋಬ್ಯಾಡ್ರಿ ಮೇಡಂ," ಎಂದ ಅಮರನಾಥ. ಎದ್ದು ನಿಂತಿದ್ದ. "ಈ ಅವ್ವ ನನಗ ಅಂಜಿ ಸುಳ್ಳು ಹೇಳ್ಲಾಕತ್ತಾಳ. ಆಕಿ ಇರೋದು ತಗಡಿನ ಕೆಳಗ. ನಿನ್ನೆ ನಾನೇ ನೋಡಿ ಬಂದೀನಿ."

ವಿಮಲಾಬಾಯಿ ಕನ್ನಡಕ ತೆಗೆದರು. "ಅಂದರೆ ನೀವು ಸುಪ್ರೀಂ ಕೋರ್ಟಿಗೆ ಹೇಳಿದ್ದು?"

"ಸುಳ್ಳು. ಗೊತ್ತಿದ್ದೇ ಹೇಳೀನಿ."

"ಇದನ್ನು ಮೊದಲೇ ಯಾಕೆ ತಿಳಿಸಲಿಲ್ಲ?"

"ತಿಳಿಸೀನ್ರೀ. ಅರ್ಜಿ ಬರ್ದವ ನಾನೇ. ಸಹಿ ಹಾಕ್ಲಾಕ ಅಂಜಿದ್ದೆ."