ಪಕ್ಕದ ಮನೆಯ ಏಣಿ

ವೈಕುಂಠ ಸಮಾರಾಧನೆಯ ಮರುದಿನ ಮಕ್ಕಳು ಎಂದಿನಂತೆ ಶಾಲೆಗೆ ಹೋದರು. ಮಳೆಗಾಲಕ್ಕೆ ಮುಂಚೆ ತಾರಸಿಯ ಬಿರುಕು ಮುಚ್ಚಬೇಕೆಂದು ಗಂಡ ಪಕ್ಕದ ಮನೆಯಿಂದ ತಂದಿದ್ದ ಏಣಿ ಹಿತ್ತಲಲ್ಲೇ ಬಿದ್ದಿತ್ತು. ಅವನು ಕಲಸಿಟ್ಟ ಸಿಮೆಂಟು ಬಾಂಡ್ಲಿಯಲ್ಲಿ ಕಲ್ಲಾಗಿತ್ತು. ಅವನು ಬಿದ್ದದ್ದು ಆ ಏಣಿಯಿಂದಲೇ.

“ಮುರುಕು ಏಣಿ ಕೊಟ್ಟು ನನ್ನ ಮಗನ್ನ ತಿಂದ್ಕೊಂಡ್ರು. ನಡಿ, ಅವರ ಮುಖಕ್ಕೇ ಎಸೆದು ಬರೋಣ,” ಎಂದರು ಅತ್ತೆ.

ಅವಳು ಒಂದು ತುದಿ ಹಿಡಿದಳು, ಅತ್ತೆ ಇನ್ನೊಂದು.

ಪಕ್ಕದ ಮನೆಯ ವಾಮನರಾಯರು ಗೇಟಿನಲ್ಲೇ ಕೈ ಮುಗಿದರು. “ಏನು ಬೇಕಾದ್ರೂ ಅನ್ನಿ, ತಾಯಿ. ಮೇಲಿನ ಮೆಟ್ಟಿಲು ಸಡಿಲ ಅಂತ ಗೊತ್ತಿತ್ತು. ಹೇಳೋದು ಮರೆತುಬಿಟ್ಟೆ.”

“ಮರೆಯೋದೇನು ಕಷ್ಟ! ಹೋಗಿದ್ದು ನಿಮ್ಮ ಮಗ ಅಲ್ವಲ್ಲ!”

ಅವಳು ಏಣಿಯನ್ನು ಕೆಳಗಿಟ್ಟಳು. “ಅಂಕಲ್, ನೀವು…”

“ನೀನು ಸುಮ್ನಿರಮ್ಮ,” ರಾಯರು ಗಾಬರಿಯಿಂದ ತಡೆದರು. “ಮಕ್ಕಳನ್ನ ಕಟ್ಕೊಂಡು ಆ ಮನೇಲೇ ಬಾಳ್ಬೇಕಾದವಳು ನೀನು. ತಪ್ಪು ನಂದೇ.”

ಅವಳು ಅತ್ತೆಯ ಕಡೆ ತಿರುಗಿದಳು.

“ಅವತ್ತು ಬೆಳಿಗ್ಗೆಯೇ ಅಂಕಲ್ ಫೋನ್ ಮಾಡಿ ಹೇಳಿದ್ರು, ಅತ್ತೆ. ನಿಮ್ಮ ಮಗ ಸ್ನಾನಕ್ಕೆ ಹೋಗಿದ್ರು. ಫೋನ್ ಎತ್ತಿದ್ದು ನಾನು.”