ಅಶ್ವತ್ಥಮ್ಮನ ಸಹಿ

"ಹೇಳಿದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದಳೇ?" ಅನಸೂಯ ಫಾರಂ ನೋಡಿಕೊಂಡು ಓದಿದಳು.

"ಇಲ್ಲ," ಅಂದಳು ಅವಳ ತಾಯಿ ಅಶ್ವತ್ಥಮ್ಮ. ನೆನೆಸಿದ ಅವರೆಕಾಳನ್ನು ಹಿತುಕಿ ಪಾತ್ರೆಗೆ ಬೀಳಿಸುತ್ತಿದ್ದ ಅವಳ ಬೆರಳು ನಿಲ್ಲಲೇ ಇಲ್ಲ.

"ವಸ್ತುಗಳನ್ನು ಪದೇ ಪದೇ ಕಳೆದುಕೊಳ್ಳುತ್ತಿದ್ದಳೇ?"

"ನೀನಾ? ಒಂದು ಪಿನ್ನು ಕಳೆದೋಳಲ್ಲ. ಇಲ್ಲ ಅಂತ ಬರ್ಕೋ."

ಅನಸೂಯ ಬರೆಯಲಿಲ್ಲ. ಡೇರಿಗೆ ಹಾಲು ಹಾಕಿ ಬಾ ಎಂದು ಕಳಿಸಿದರೆ ಕ್ಯಾನನ್ನು ಕೆರೆ ಏರಿ ಮೇಲಿಟ್ಟು, ಬಾತುಕೋಳಿ ಹಿಂಡಿನ ಹಿಂದೆ ಹೋಗಿ, ಹೊತ್ತು ಮುಳುಗಿದ ಮೇಲೆ ಬರಿಗೈಲಿ ಮನೆಗೆ ಬಂದವಳು ಅವಳು. ಅಂದು ಸೌಟು ಕಾಯಿಸಿ ಅವಳ ಮೊಣಕೈ ಮೇಲೆ ಬರೆ ಎಳೆದದ್ದು, ಈಗ ಎದುರಿಗೆ ಅವರೆ ಹಿತುಕುತ್ತಿದ್ದ ಇದೇ ಕೈ.

ಮೂರು ವಾರದ ಹಿಂದೆ ದೇವನಹಳ್ಳಿಯ ಡಾಕ್ಟರು ಎಂಟು ವರ್ಷದ ಅಕ್ಷತಳನ್ನು ಪರೀಕ್ಷಿಸಿ, ಮಗುವಿಗೆ ಎಡಿಎಚ್‌ಡಿ ಇದೆ, ಗಮನ ಒಂದು ಕಡೆ ನಿಲ್ಲುವುದಿಲ್ಲ ಎಂದಿದ್ದರು. ಮಗಳ ಸ್ಕೂಲಿನ ಕಾಗದವನ್ನೆಲ್ಲ ಬಸ್ಸಿನಲ್ಲೇ ಬಿಟ್ಟು ಬಂದಿದ್ದ ಅನಸೂಯಳನ್ನು ಸ್ವಲ್ಪ ಹೊತ್ತು ನೋಡಿ, "ನಿಮಗೂ ಇರಬಹುದು. ಚಿಕ್ಕೋರಿದ್ದಾಗ ನಿಮ್ಮನ್ನ ಸಾಕಿದೋರು ಇದನ್ನ ತುಂಬಿಸ್ಬೇಕು," ಎಂದು ಫಾರಂ ಕೊಟ್ಟಿದ್ದರು. ಅಂದಿನಿಂದ ಅವಳಿಗೆ ಒಂದೇ ಆಸೆ. ನೀನು ಬೇಕಂತ ಮಾಡಿದ್ದಲ್ಲ, ನಿನ್ನ ಕೈಲಿ ಆಗುತ್ತಿರಲಿಲ್ಲ ಎಂದು ತಾಯಿ ಒಂದು ಸಲ ಅನ್ನಬೇಕು. ಅದಕ್ಕೇ ವಿಮಾನ ನಿಲ್ದಾಣದ ಊಟದ ಟ್ರೇ ಜೋಡಿಸುವ ಕೆಲಸಕ್ಕೆ ರಜೆ ಹಾಕಿ, ಮಗಳ ಕೈ ಹಿಡಿದು ಸೂಲಿಬೆಲೆ ಬಸ್ಸು ಹತ್ತಿದ್ದಳು.

"ಅಮ್ಮ, ನಿಜ ಹೇಳು."

"ನಿಜವೇ ಕಣೆ. ಜಾಣೆ, ಗಟ್ಟಿಯಾಗಿ ಮಾತಾಡೋಳಲ್ಲ, ಮುಟ್ಟಿದ ಕೆಲಸ ಅಚ್ಚುಕಟ್ಟು."

"ಇದನ್ನ ಎಲ್ಲೋ ಕೇಳಿದ್ದೀನಿ."

"ಕೇಳಿರ್ತೀಯ. ನಿನ್ನ ಗಂಡನ ಕಡೆಯೋರು ಹೆಣ್ಣು ನೋಡಕ್ಕೆ ಬಂದಾಗ ಹೇಳಿದ್ದೇ ಇದನ್ನ."

ಕೇಳಿದ್ದಳು. ಅಡುಗೆಮನೆ ಬಾಗಿಲ ಹಿಂದೆ ಕಾಫಿ ತಟ್ಟೆ ಹಿಡಿದು ನಿಂತಿದ್ದಾಗ ಅಮ್ಮ ಹೊರಗೆ ಯಾರೋ ಹುಡುಗಿಯನ್ನು ಹೊಗಳುತ್ತಿದ್ದಳು. ಪಕ್ಕದ ಮನೆಯವಳಿರಬೇಕು ಅಂದುಕೊಂಡಿದ್ದಳು ಅನಸೂಯ. ತನ್ನ ಹೆಸರು ಬಂದಾಗ ಮೈ ಜುಮ್ಮೆಂದಿತ್ತು. ಇನ್ನೂ ಸ್ವಲ್ಪ ಹೇಳಲಿ ಎಂದು ಅಲ್ಲೇ ನಿಂತಿದ್ದಳು, ಕಾಫಿ ಆರಿಹೋಗಿತ್ತು.

"ಡಾಕ್ಟ್ರು ಗಂಡಿನ ಕಡೆಯೋರಲ್ಲಮ್ಮ."

"ಹೊರಗಿನೋರು ತಾನೆ? ಮನೇಲಿ ಬೈತೀವಿ, ಹೊಡೀತೀವಿ, ಅದು ಬೇರೆ. ಹೊರಗಿನೋರು ಕೇಳಿದ್ರೆ ಯಾವ ತಾಯಿ ಮಗಳ ಕುಂದು ಎತ್ತಾಡ್ತಾಳೆ?"

"ಡಾಕ್ಟ್ರಿಗೆ ಬೇಡ ಬಿಡು. ನನಗೆ ಹೇಳು. ಒಂದ್ಸಲ."

ಇಳಿಯಲು ಹೊರಟ ವಿಮಾನವೊಂದು ಮನೆ ಮೇಲೇ ಹಾದುಹೋಯಿತು. ಅದು ದಾಟುವ ತನಕ ಮಾತು ನಿಲ್ಲಿಸಿ ಕಾಯುವುದು ಈ ಕಡೆಯವರಿಗೆ ರೂಢಿಯಾಗಿಬಿಟ್ಟಿದೆ. ದಾಟಿತು. ಹೊಸಿಲ ಮೇಲೆ ಕೂತ ಅಕ್ಷತ ತನ್ನ ಪಾಲಿನ ಕಾಳನ್ನು ಹಿತುಕಿ ಹಿತುಕಿ ಗೋಡೆಗೆ ಗುರಿಯಿಟ್ಟು ಹಾರಿಸುತ್ತಿದ್ದಳು. ಅಜ್ಜಿ ಅವಳನ್ನು ಬಹಳ ಹೊತ್ತು ನೋಡಿದಳು, ಗದರಲಿಲ್ಲ.

"ಇದು ಕಾಯಿಲೆ ಅಂತ ಆದ್ರೆ," ಅಂದಳು ಕೊನೆಗೆ, ದನಿ ತಗ್ಗಿಸಿ, "ನಾನು ಅಷ್ಟು ವರ್ಷ ಹೊಡೆದದ್ದು ಕಾಯಿಲೆ ಮಗೀಗೆ ಅಂತಾಯ್ತಲ್ಲೇ."

ಹೋದ ತಿಂಗಳವರೆಗೂ ಅಕ್ಷತಳ ಬೆನ್ನ ಮೇಲೆ ಬೀಳುತ್ತಿದ್ದ ತನ್ನ ಕೈ ಅನಸೂಯಳಿಗೆ ನೆನಪಾಯಿತು.

ಅಶ್ವತ್ಥಮ್ಮ ಸೆರಗಿಗೆ ಕೈ ಒರೆಸಿಕೊಂಡು ಫಾರಂ ಎಳೆದುಕೊಂಡಳು. ಡೇರಿಯ ಪುಸ್ತಕಕ್ಕೆಂದು ಕಲಿತ ಸಹಿಯೊಂದೇ ಅವಳಿಗೆ ಬರೆಯಲು ಬರುತ್ತಿದ್ದುದು. ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ ಒತ್ತಿ, ಅಡಿಯ ಖಾಲಿ ಗೆರೆಯ ಮೇಲೆ ಅದನ್ನು ಹಾಕಿದಳು.

"ಮ್ಯಾಲಿಂದು ಏನು ಬೇಕೋ ನೀನೇ ತುಂಬ್ಕೋ. ನನ್ನ ಬಾಯಲ್ಲಿ ಹೇಳಿಸ್ಬೇಡ." ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅನಸೂಯ ಪೆನ್ನು ಹಿಡಿದು ಕೂತಳು. ಒಂದೊಂದು ಪ್ರಶ್ನೆಯ ಮುಂದೂ ಎರಡೆರಡು ಮನೆ: ಹೌದು, ಇಲ್ಲ. ತಾಯಿಯ ಸಹಿ ಕೈಗೆ ಬಂದಿತ್ತು, ಮಾತು ಬಂದಿರಲಿಲ್ಲ. ಅಷ್ಟರಲ್ಲಿ ಅಕ್ಷತ ಬಂದು ಅವಳ ಭುಜಕ್ಕೆ ಜೋತುಬಿದ್ದಳು.

"ಅಜ್ಜಿ ನಿನಗೆ ಎಲ್ಲದಕ್ಕೂ ಇಲ್ಲ ಅಂದ್ಬಿಟ್ರು."

"ಹೂಂ."

"ನನ್ನ ಫಾರಂ ತುಂಬ್ಸುವಾಗ ನೀನು ಎಲ್ಲದಕ್ಕೂ ಹೌದು ಅಂದೆ. ನಾನು ಅಲ್ಲೇ ಕೂತಿದ್ದೆ." ಅಕ್ಷತ ಖಾಲಿ ಮನೆಗಳ ಮೇಲೆ ಬೆರಳಾಡಿಸಿದಳು.

"ಆ ಡಾಕ್ಟ್ರು ನಮಗೂ ಹೊರಗಿನೋರೇ ಅಲ್ವಾ ಅಮ್ಮ?"