ಕುರಿಮರಿ ಹೊತ್ತವನು

ಅನಂತರಾಮ ಮಾಸ್ಟರ್ ಕೀಲಿಯಿಂದ ಬಾಗಿಲು ತೆರೆದ. ಕೋಣೆಯಲ್ಲಿ ಯಾರೂ ಇರಲಿಲ್ಲ. ಲೀಲಮ್ಮ ಈ ಹೊತ್ತಿಗೆ ವಾರ್ಡಿನ ನೆಲ ಒರೆಸುತ್ತಿರುತ್ತಾಳೆ. ಅವನಿಗೆ ಬೇಕಾದದ್ದು ಗೋಡೆಯ ಮೇಲಿತ್ತು.

ಸೌದಿ ಅರೇಬಿಯಾದ ತಾಯಿಫ್‌ನ ಆ ಆಸ್ಪತ್ರೆಯ ಸಿಬ್ಬಂದಿ ವಸತಿಗೆ ಅವನೇ ಮೇಲ್ವಿಚಾರಕ. ಬೆಳಿಗ್ಗೆ ಮೂಗರ್ಜಿ ಬಂದಿತ್ತು. ಪ್ರತಿ ಶುಕ್ರವಾರ ಈ ಕೋಣೆಯಲ್ಲಿ ಹೆಂಗಸರು ಒಂದು ಚಿತ್ರದ ಮುಂದೆ ಕೂತು ಪಿಸುಗುಡುತ್ತಾರಂತೆ, ಅಳುತ್ತಾರಂತೆ. ಲೀಲಮ್ಮನ ಜೊತೆ ಕೆಲಸ ಮಾಡುವ ಭಟ್ಕಳದ ಶಾಹೀದಾ ಕೂಡ. ಗುಟ್ಟಿನ ಪ್ರಾರ್ಥನೆಯೆಂದರೆ ಲೀಲಮ್ಮನ ಕೆಲಸ ಹೋದಂತೆಯೇ. ಇನ್ನು ಐದು ಹೊತ್ತು ನಮಾಜು ಮಾಡುವ ಶಾಹೀದಾ ಮತ ಬಿಟ್ಟಳೆಂದಾದರೆ? ಅದನ್ನು ನೆನೆಯಲೂ ಅವನಿಗೆ ಧೈರ್ಯವಾಗಲಿಲ್ಲ.

ಚಿತ್ರ ನೋಡಿದ್ದೇ ತಡ, ಮೈಸೂರಿನಲ್ಲಿ ಓದಿದ, ಎಂದೂ ಹೊಟ್ಟೆ ತುಂಬಿಸದ ಕಲಾ ಇತಿಹಾಸ ಎದ್ದು ಕೂತಿತು. ಗಡ್ಡವಿಲ್ಲದ ತರುಣ, ಹೆಗಲ ಮೇಲೆ ಕುರಿಮರಿ. ಮೊದಲ ಕ್ರೈಸ್ತರು ರೋಮಿನ ನೆಲದಡಿಯ ಸಮಾಧಿಗಳಲ್ಲಿ ಏಸುವನ್ನು ಬರೆದದ್ದು ಹೀಗೆಯೇ, ಗ್ರೀಕರ ಹಳೆಯ ದೇವರ ವೇಷದಲ್ಲಿ. ಹಿಂದಿನ ದ್ರಾಕ್ಷಿ ಬಳ್ಳಿ ಮದ್ಯದ ದೇವರದು. ತಲೆಯ ಸುತ್ತಲಿನ ಪ್ರಭೆ ಸೂರ್ಯದೇವನದು. ಮರಿಯ ಬೆನ್ನಿನ ಕೆಂಪು, ಬಲಿಯ ರಕ್ತ. ಬಣ್ಣ ಕಲಸಿಹೋಗಿ ಮುಖ ಮಸುಕಾಗಿತ್ತು. ಎಡಗೈಯಲ್ಲಿ ವಾಚು ಕಟ್ಟಿದಂತಿತ್ತು. ಈಗಿನವರ ಚೇಷ್ಟೆ ಎಂದುಕೊಂಡ. ಓದಿದವನಿಗೆ ಎಲ್ಲದಕ್ಕೂ ಉತ್ತರ ಸಿಗುತ್ತದೆ.

ಹೆಂಗಸು ಜಾಣೆ ಎಂದು ಮೆಚ್ಚಿದ. ಆದರೆ ತನಗೆ ಹೊಳೆದದ್ದು ಇನ್ನೊಬ್ಬನಿಗೆ ಹೊಳೆಯದೇ? ಚಿತ್ರ ಕಿತ್ತು ಆಫೀಸಿಗೆ ಒಯ್ದು, ಕಾಗದ ಹರಿಯುವ ಯಂತ್ರಕ್ಕೆ ಹಾಕಿದ. ಅದು ಶ್ಯಾವಿಗೆಯಂತೆ ಎಳೆ ಎಳೆಯಾಗಿ ಬುಟ್ಟಿಗೆ ಬಿತ್ತು. ಹಿಂದೆಯೇ ಮೂಗರ್ಜಿಯನ್ನೂ ತೂರಿಸಿದ. ಇಬ್ಬರು ಹೆಂಗಸರನ್ನು ಉಳಿಸಿದೆನೆಂಬ ಸಮಾಧಾನವಾಯಿತು.

ಪಾಳಿ ಮುಗಿಸಿ ಬಂದ ಲೀಲಮ್ಮನನ್ನು ಕರೆಸಿ ಮೆಲ್ಲಗೆ ಎಲ್ಲ ಹೇಳಿದ. ದೂರು ಬಂದಿತ್ತು, ಚಿತ್ರ ಈಗ ಇಲ್ಲ, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು. ಅವಳು ಬುಟ್ಟಿಯ ಬಳಿ ನೆಲದ ಮೇಲೆ ಕೂತಳು. ಬುಟ್ಟಿ ಬೋರಲು ಹಾಕಿ ಎಳೆಗಳನ್ನು ಮಡಿಲಿಗೆ ಬಾಚಿಕೊಂಡಳು.

"ಇದ್ದಿದ್ದು ಅದೊಂದೇ ಸಾರ್. ಇನ್ನವ್ನನ್ನ ಎಲ್ಲಿ ಅಂತ ಹುಡುಕ್ಲಿ?"

"ಅವನು ಚಿತ್ರದಲ್ಲಿಲ್ಲ ಲೀಲಮ್ಮ. ನಂಬಿದವರಿಗೆ ಸಿಕ್ಕೇ ಸಿಗ್ತಾನೆ."

ಅಷ್ಟರಲ್ಲಿ ಶಾಹೀದಾ ಓಡಿ ಬಂದಳು. ಏದುಸಿರಿನ ನಡುವೆಯೂ ಮುಖದಲ್ಲಿ ನಗುವಿತ್ತು.

"ಲೀಲಕ್ಕ, ಮರಿಯ ಬೆನ್ನಲ್ಲಿ ಕೆಂಪು ಗುರುತು ಉಂಟಲ್ಲ, ಅದು ಯಾವ ಕಫೀಲನದ್ದು, ಯಾವ ಧಣಿಯದ್ದು ಅಂತ ಹೇಳುವವರು ಕುರಿ ಸಂತೆಯಲ್ಲಿ ಸಿಕ್ಕಿದ್ರು. ಬೇಗ ಆ ಫೋಟೊ ತನ್ನಿ, ನಿಮ್ಮ ಮಗ ಎಲ್ಲಿದ್ದಾನೆ ಅಂತ ಇವತ್ತೇ ಗೊತ್ತಾಗ್ತದೆ."